ಐವಿ-ಕೆ ಕಟ್ಟಿದ ದಾಖಲೆ: ಸ್ಯಾಕ್ಸನಿಯ ನ್ಯಾರೋಗೇಜ್ ಉಗಿ ಎಂಜಿನ್, 1:22.5 ಅಳತೆಯಲ್ಲಿ

ಜರ್ಮನಿಯ ಸ್ಯಾಕ್ಸನಿ ರಾಜ್ಯದ ಐವಿ-ಕೆ ವರ್ಗದ ಉಗಿ ಎಂಜಿನ್ನಿನ ಮಾದರಿಯೊಂದನ್ನು ಕಟ್ಟಿದೆ, ಅದು ಓಡುತ್ತಿದೆ. ಉದ್ದ 400 ಮಿ.ಮೀ., ತೂಕ 2.7 ಕೆ.ಜಿ., ಎರಡು ಬೋಗಿ (ಇಲ್ಲಿ ಬೋಗಿ ಎಂದರೆ ಪ್ರಯಾಣಿಕರ ಡಬ್ಬಿಯಲ್ಲ, ಎಂಜಿನ್ನಿನ ಕೆಳಗೆ ತಿರುಗುವ ಚಕ್ರಗಳ ಚೌಕಟ್ಟು), ಬೋಗಿಗೊಂದರಂತೆ ಎರಡು ಮೋಟಾರು, ಹಳಿಯ ಅಗಲ 32 ಮಿ.ಮೀ. ಅಕ್ಟೋಬರ್‌ನಲ್ಲಿ ತಗಡು ಕೊಂಡದ್ದು, ಮೇ ತಿಂಗಳಲ್ಲಿ ಬಣ್ಣ ಬಿತ್ತು. ಮಾಡಿದ ಕ್ರಮದಲ್ಲೇ ಬರೆಯುತ್ತಿದ್ದೇನೆ. ಕೆಟ್ಟುಹೋದದ್ದನ್ನೂ ಅದರದರ ಜಾಗದಲ್ಲಿಯೇ ಇಟ್ಟಿದ್ದೇನೆ. ಖರ್ಚಿನ ಪಟ್ಟಿ ಕೊನೆಯಲ್ಲಿದೆ. ಇದೇ ಎಂಜಿನ್ನನ್ನು ಕಟ್ಟುವ ಉದ್ದೇಶವಿಲ್ಲದವರು ನೇರವಾಗಿ 3 ಮತ್ತು 6ನೇ ಹಂತಕ್ಕೆ ಹೋಗಬಹುದು. ಎರಡು ಬೋಗಿಯ ಯಾವ ಎಂಜಿನ್ನಿಗಾದರೂ, ರಿವೆಟ್ ಇರುವ ಯಾವ ತಗಡಿಗಾದರೂ ಆ ಎರಡು ಹಂತ ಅನ್ವಯಿಸುತ್ತವೆ.

1. ಅಕ್ಟೋಬರ್: ಯಾವ ಎಂಜಿನ್, ಯಾವ ವರ್ಷ

ನಾನಿರುವುದು ಸ್ಯಾಕ್ಸನಿಯ ಕೆಮ್ನಿಟ್ಸ್‌ನಲ್ಲಿ. ಐವಿ-ಕೆ ಹುಟ್ಟಿದ್ದೂ ಇದೇ ಊರಿನಲ್ಲಿ. ರಿಚರ್ಡ್ ಹಾರ್ಟ್‌ಮನ್ ಸ್ಥಾಪಿಸಿದ ಯಂತ್ರ ಕಾರ್ಖಾನೆ 1892ರಿಂದ 1921ರವರೆಗೆ ಈ ವರ್ಗದ 96 ಎಂಜಿನ್‌ಗಳನ್ನು ಕಟ್ಟಿತು. ಜರ್ಮನಿಯ ಸರ್ಕಾರಿ ರೈಲ್ವೆಗಳ ನ್ಯಾರೋಗೇಜ್ ಉಗಿ ಎಂಜಿನ್‌ಗಳಲ್ಲಿ ಇಷ್ಟು ದೊಡ್ಡ ಸಂಖ್ಯೆಯ ವರ್ಗ ಇನ್ನೊಂದಿಲ್ಲ. ಕಾರ್ಖಾನೆಗೆ ಹಳಿಯ ಸಂಪರ್ಕ ಇಲ್ಲದ ಕಾಲದಲ್ಲಿ ತಯಾರಾದ ಎಂಜಿನ್‌ಗಳನ್ನು ಕುದುರೆ ಕಟ್ಟಿ ಬೀದಿಯ ಮೇಲೆಯೇ ರೈಲು ನಿಲ್ದಾಣಕ್ಕೆ ಎಳೆಯುತ್ತಿದ್ದರು. ಊರಿನ ಒಂದು ಬೀದಿಗೆ ಈಗಲೂ ಹಾರ್ಟ್‌ಮನ್ ಹೆಸರಿದೆ.

96ರಲ್ಲಿ ಇಪ್ಪತ್ತಕ್ಕಿಂತ ಹೆಚ್ಚು ಉಳಿದಿವೆ. ಅಷ್ಟು ಉಳಿದಿರುವಾಗ ಮಾದರಿಗೆ ಒಂದನ್ನು ಆರಿಸಿಕೊಳ್ಳುವುದು ಸುಲಭ ಎಂದು ತೋರುತ್ತದೆ. ಕಷ್ಟ ಇರುವುದು ವರ್ಷದಲ್ಲಿ. 1960ರ ದಶಕದಲ್ಲಿ ಪೂರ್ವ ಜರ್ಮನಿಯ ರೈಲ್ವೆ ಹಲವು ಐವಿ-ಕೆಗಳನ್ನು ಗೋರ್ಲಿಟ್ಸ್‌ನ ಕಾರ್ಯಾಗಾರಕ್ಕೆ ಒಯ್ದು ಮರುಕಟ್ಟಿತು. ರಿವೆಟ್ ಹೊಡೆದ ಹಳೆಯ ಬಾಯ್ಲರ್ ತೆಗೆದು ಬೆಸುಗೆಯ ಹೊಸ ಬಾಯ್ಲರ್ ಕೂರಿಸಿದರು. ಹಲವಕ್ಕೆ ಚಾಸಿಯನ್ನೂ ಹೊಸದಾಗಿ ಮಾಡಿದರು. ಹೀಗಾಗಿ 1910ರ ಎಂಜಿನ್ ಎಂದು ನಾವು ಟಿಕೆಟ್ ಕೊಂಡು ನೋಡುವುದರಲ್ಲಿ 1910ರ ಲೋಹ ಎಷ್ಟಿದೆ ಎಂದು ಕೇಳಿದರೆ ಉತ್ತರ ಬಹಳ ಕಡಿಮೆ ಎಂದೇ ಬರುತ್ತದೆ. ಇದರ ಬಗ್ಗೆ ಮೂಗು ಮುರಿಯುವವರನ್ನು ಕಂಡಿದ್ದೇನೆ. ನನಗಂತೂ ತಕರಾರಿಲ್ಲ. ದುಡಿಯುವ ಎಂಜಿನ್ನಿನ ಭಾಗ ಸವೆಯುತ್ತದೆ, ಸವೆದದ್ದನ್ನು ಬದಲಿಸುತ್ತಾರೆ. ಬದಲಿಸದೆ ಇದ್ದಿದ್ದರೆ ಅದು 1960ರಲ್ಲೇ ಗುಜರಿಗೆ ಹೋಗಿರುತ್ತಿತ್ತು. ಆದರೆ ಮಾದರಿ ಕಟ್ಟುವವನಿಗೆ ಇದರಿಂದ ನೇರವಾದ ತೊಂದರೆಯೊಂದಿದೆ. ಹಾರ್ಟ್‌ಮನ್ ಕಾಲದ ನಕ್ಷೆ ಒಂದು ಎಂಜಿನ್ನನ್ನು ತೋರಿಸುತ್ತದೆ, ಇವತ್ತಿನ ಫೋಟೋ ಇನ್ನೊಂದನ್ನು.

ನಾನು ಹಳೆಯ ನಕ್ಷೆಯನ್ನು 1:22.5ಕ್ಕೆ ಮುದ್ರಿಸಿ, ಪಾರ್ಶ್ವದಿಂದ ತೆಗೆದ ಫೋಟೋವನ್ನು ಅದೇ ಅಳತೆಗೆ ತಂದು ಒಂದರ ಮೇಲೊಂದು ಇಟ್ಟೆ. ಚಿಮಣಿ, ಗುಮ್ಮಟಗಳು ಸರಿ ಕುಳಿತವು. ಚಾಲಕನ ಕ್ಯಾಬಿನ ಹಿಂಭಾಗವೂ ನೀರಿನ ಟ್ಯಾಂಕಿನ ಅಂಚುಗಳೂ ಹೊಂದಲಿಲ್ಲ. ಎರಡನ್ನೂ ಬೆರೆಸಿ ಕಟ್ಟಿದರೆ ಯಾವ ಕಾಲದಲ್ಲೂ ಇಲ್ಲದ ಎಂಜಿನ್ ಆಗುತ್ತದೆ. ಕೊನೆಗೆ, ಕಣ್ಣೆದುರು ನಿಂತು ಅಳೆಯಬಹುದಾದದ್ದನ್ನೇ ಕಟ್ಟುವುದು ಎಂದು ತೀರ್ಮಾನಿಸಿದೆ: 99 1568-7 ನಂಬರಿನ ಎಂಜಿನ್, ಪ್ರೆಸ್‌ನಿಟ್ಸ್ ಕಣಿವೆಯ ಮ್ಯೂಸಿಯಂ ರೈಲಿನಲ್ಲಿ ಈಗ ಕಾಣುವ ರೂಪ. ಹಳೆಯ ನಕ್ಷೆಯನ್ನು ಚಕ್ರ ಮತ್ತು ಸಿಲಿಂಡರಿನ ಅಳತೆಗೆ ಮಾತ್ರ ಬಳಸಿದೆ.

2. ಅಕ್ಟೋಬರ್ ಕೊನೆ: ಯೋಶ್ಟಾಟ್‌ನಲ್ಲಿ ಅಳತೆ

ಕೆಮ್ನಿಟ್ಸ್‌ನಿಂದ ದಕ್ಷಿಣಕ್ಕೆ, ಜೆಕ್ ಗಡಿಗೆ ಅಂಟಿಕೊಂಡ ಊರು ಯೋಶ್ಟಾಟ್. ವೊಲ್ಕೆನ್‌ಶ್ಟೈನ್‌ನಿಂದ ಪ್ರೆಸ್‌ನಿಟ್ಸ್ ಕಣಿವೆಯ ಮೂಲಕ ಇಲ್ಲಿಗೆ 1892ರಲ್ಲಿ 750 ಮಿ.ಮೀ. ಗೇಜಿನ ದಾರಿ ಹಾಕಿದರು. ಐವಿ-ಕೆ ಕಾರ್ಖಾನೆಯಿಂದ ಹೊರಬಂದದ್ದೂ ಅದೇ ವರ್ಷ. 1970ರ ದಶಕದಲ್ಲಿ ಪೂರ್ವ ಜರ್ಮನಿಯ ಸರ್ಕಾರ ಉಳಿಸಿಕೊಳ್ಳಬೇಕಾದ ಏಳು ನ್ಯಾರೋಗೇಜ್ ದಾರಿಗಳನ್ನು ಗೊತ್ತುಮಾಡಿದಾಗ ಪ್ರೆಸ್‌ನಿಟ್ಸ್ ಕಣಿವೆ ಆ ಪಟ್ಟಿಯಲ್ಲಿ ಇರಲಿಲ್ಲ. 1986ರ ಹೊತ್ತಿಗೆ ಸಂಚಾರ ಪೂರ್ತಿ ನಿಂತಿತು, ಹಳಿ ಕಿತ್ತರು. ಎರಡು ಜರ್ಮನಿಗಳು ಒಂದಾದ ಮೇಲೆ ಉತ್ಸಾಹಿಗಳ ಸಂಘವೊಂದು ಅದೇ ಜಾಡಿನ ಮೇಲೆ ಹಳಿಯನ್ನು ತುಂಡು ತುಂಡಾಗಿ ಮತ್ತೆ ಹಾಕಿ 2000ದಲ್ಲಿ ಶ್ಟೈನ್‌ಬಾಖ್‌ವರೆಗಿನ 8 ಕಿ.ಮೀ. ಮುಗಿಸಿತು. ಅಂದರೆ ಎಂಜಿನ್ನಷ್ಟೇ ಅಲ್ಲ, ಅದರ ಕೆಳಗಿನ ಹಳಿಯೂ ಮರುಹುಟ್ಟು ಪಡೆದದ್ದು.

ಮೊದಲೇ ಪತ್ರ ಬರೆದು ಅನುಮತಿ ಪಡೆದಿದ್ದೆ. ಎಂಜಿನ್ ಶೆಡ್ಡಿನ ಹೊರಗೆ ತಣ್ಣಗೆ ನಿಂತಿತ್ತು. ಸ್ವಯಂಸೇವಕರೊಬ್ಬರು ಷರತ್ತು ಹಾಕಿದರು: ಸುತ್ತ ಎಲ್ಲಿ ಬೇಕಾದರೂ ಅಳೆಯಬಹುದು, ಕೆಳಗೆ ನುಸುಳುವಂತಿಲ್ಲ, ಮೇಲೆ ಹತ್ತುವಂತಿಲ್ಲ. ಇದ್ದ ಉಪಕರಣ: 5 ಮೀಟರಿನ ಟೇಪು, 300 ಮಿ.ಮೀ. ಕ್ಯಾಲಿಪರ್, ಹತ್ತು ಸೆಂ.ಮೀ.ಗೊಂದರಂತೆ ಕೆಂಪು-ಬಿಳಿ ಪಟ್ಟೆ ಬಳಿದ ಒಂದು ಮೀಟರಿನ ಕೋಲು.

ಟೇಪಿಗಿಂತ ಹೆಚ್ಚು ಕೆಲಸ ಮಾಡಿದ್ದು ಆ ಕೋಲು. ಪ್ರತಿ ಫೋಟೋದಲ್ಲೂ ಅದನ್ನು ಎಂಜಿನ್ನಿಗೆ ಒರಗಿಸಿ ನಿಲ್ಲಿಸಿದೆ. ಆದಷ್ಟು ದೂರ ಹೋಗಿ ಜೂಮ್ ಮಾಡಿ ತೆಗೆಯಬೇಕು. ಹತ್ತಿರದಿಂದ ತೆಗೆದರೆ ನಡುಭಾಗ ಉಬ್ಬಿ ಅಂಚುಗಳು ಕುಗ್ಗುತ್ತವೆ, ಅಳತೆ ಕೈಕೊಡುತ್ತದೆ. ಮನೆಗೆ ಬಂದು ಕೋಲಿನ ಪಟ್ಟೆಗಳನ್ನು ಪಿಕ್ಸೆಲ್‌ನಲ್ಲಿ ಎಣಿಸಿ ಉಳಿದದ್ದನ್ನೆಲ್ಲ ಲೆಕ್ಕ ಹಾಕಿದೆ. ಟೇಪಿನ ಅಳತೆಗೂ ಫೋಟೋದ ಅಳತೆಗೂ 10 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬರಲಿಲ್ಲ. ಮಾದರಿಯಲ್ಲಿ ಅದು ಅರ್ಧ ಮಿ.ಮೀ.ಗಿಂತ ಕಡಿಮೆ.

ಖಚಿತವಾಗಿ ಕೈಯಲ್ಲಿದ್ದ ಅಂಕಿಗಳು ಇವು. ಉದ್ದ 9,000 ಮಿ.ಮೀ., ಮಾದರಿಯಲ್ಲಿ 400. ಚಕ್ರದ ವ್ಯಾಸ 760, ಮಾದರಿಯಲ್ಲಿ 33.8. ಪಿಸ್ಟನ್ ಓಟ 380, ಅಂದರೆ ಕ್ರ್ಯಾಂಕಿನ (ರಾಡು ಚಕ್ರವನ್ನು ಹಿಡಿಯುವ ತೋಳಿನ) ತ್ರಿಜ್ಯ 190, ಮಾದರಿಯಲ್ಲಿ 8.4. ಗೇಜು 750, ಲೆಕ್ಕಕ್ಕೆ 33.3 ಬರಬೇಕು, ಮಾರುಕಟ್ಟೆಯಲ್ಲಿ ಸಿಗುವ ಹಳಿ 32. ಒಂದು ಚಿಲ್ಲರೆ ಮಿ.ಮೀ.ಗಾಗಿ ಹಳಿಯನ್ನೂ ನಾನೇ ಮಾಡುವ ಹಠಕ್ಕೆ ಬೀಳಲಿಲ್ಲ. ಬಂಗಾರಪೇಟೆಯಿಂದ ಕೋಲಾರ, ಚಿಕ್ಕಬಳ್ಳಾಪುರ ಹಾದು ಯಲಹಂಕಕ್ಕೆ ಬರುತ್ತಿದ್ದ ನಮ್ಮ ಹಳೆಯ ನ್ಯಾರೋಗೇಜ್ 762 ಮಿ.ಮೀ.ನದು, ಇದೇ ಅಳತೆಯಲ್ಲಿ 33.9. ಮುಂದೊಂದು ದಿನ ಆ ದಾರಿಯ ಗಾಡಿಗಳನ್ನು ಮಾಡಿದರೆ ಇದೇ 32ರ ಹಳಿಯ ಮೇಲೆ ಇಡಬಹುದು ಎಂಬ ಆಸೆಯೂ ಇದೆ.

3. ನವೆಂಬರ್–ಡಿಸೆಂಬರ್: ಚಕ್ರ, ಬೋಗಿ

ಚಕ್ರದ ಕಡ್ಡಿಗಳನ್ನು ರೆಸಿನ್ ಮುದ್ರಣದಲ್ಲಿ ಮಾಡಿಸಿದೆ. ಸುತ್ತಲಿನ ಪಟ್ಟಿಯನ್ನು ಉಕ್ಕಿನ ಕೊಳವೆಯಿಂದ ಲೇತ್‌ನಲ್ಲಿ ಕಡೆದೆ. ಲೇತ್ ನನ್ನದಲ್ಲ, ವರ್ಷದ ಚಂದಾ ಕಟ್ಟಿ ಬಳಸುವ ಸಾರ್ವಜನಿಕ ಕಾರ್ಯಾಗಾರದ್ದು. ಮೊದಲ ಸಲ ಪಟ್ಟಿಯನ್ನು ಬಿಗಿಯಾಗಿ ಒತ್ತಿ ಕೂರಿಸಲು ಹೋದಾಗ ರೆಸಿನ್ ಕಡ್ಡಿಗಳು ವೈಸ್‌ನಲ್ಲಿಯೇ ಮುರಿದವು. ಆಮೇಲೆ 0.1 ಮಿ.ಮೀ. ಸಡಿಲ ಬಿಟ್ಟು ಎಪಾಕ್ಸಿ ಹಾಕಿ ರಾತ್ರಿಯಿಡೀ ಬಿಟ್ಟೆ. ಗಟ್ಟಿಯಾಗಿ ನಿಂತಿತು, ಆದರೆ ಚಕ್ರ ಓಲಾಡುತ್ತಿತ್ತು. ಡಯಲ್ ಗೇಜ್ 0.4 ಮಿ.ಮೀ. ತೋರಿಸಿತು. ಪರಿಹಾರ ಕೆಲಸದ ಕ್ರಮದಲ್ಲಿತ್ತು. ಪಟ್ಟಿಯನ್ನು ಸ್ವಲ್ಪ ದಪ್ಪವಾಗಿಯೇ ಬಿಟ್ಟು, ಅಂಟಿಸಿ, 5 ಮಿ.ಮೀ. ಅಚ್ಚಿಗೆ ಚಕ್ರ ಹಾಕಿ, ಅಚ್ಚನ್ನೇ ಲೇತ್‌ಗೆ ಕಟ್ಟಿ ಕೊನೆಯ ಸುತ್ತು ಕಡೆಯಬೇಕು. ಓಲಾಟ 0.1ಕ್ಕಿಂತ ಕೆಳಗೆ ಇಳಿಯಿತು.

ಎಡ ಮತ್ತು ಬಲ ಚಕ್ರಗಳ ಕ್ರ್ಯಾಂಕುಗಳ ನಡುವೆ 90 ಡಿಗ್ರಿ ಇರಬೇಕು. ಅಲ್ಯುಮಿನಿಯಂ ತುಂಡಿನಲ್ಲಿ ಒಂದು ಹಿಡಿಕಟ್ಟು ಮಾಡಿಕೊಂಡೆ. ಆದರೂ ಹಿಂದಿನ ಬೋಗಿಯ ಒಂದು ಅಚ್ಚು ಸುಮಾರು 3 ಡಿಗ್ರಿ ತಪ್ಪಿ, ಚಕ್ರಗಳನ್ನು ಜೋಡಿಸುವ ರಾಡ್ ಪ್ರತಿ ಸುತ್ತಿಗೂ ಒಂದೇ ಜಾಗದಲ್ಲಿ ಬಿಗಿಯುತ್ತಿತ್ತು. ಬೆಸುಗೆ ಕಡ್ಡಿಯನ್ನು ಅಚ್ಚಿನ ತುದಿಗೆ ಒತ್ತಿಹಿಡಿದರೆ ಎಪಾಕ್ಸಿ ಮೆತ್ತಗಾಗುತ್ತದೆ. ತಿರುಗಿಸಿ ಸರಿಮಾಡಿ ತಣಿಯಲು ಬಿಡಬಹುದು. ರಾಡಿನ ತೂತನ್ನು ಅರದಿಂದ ದೊಡ್ಡದು ಮಾಡಿ ಬಿಗಿತವನ್ನು ಮರೆಮಾಚುವವರಿದ್ದಾರೆ. ಹಾಗೆ ಮಾಡಬೇಡಿ, ಎಂಜಿನ್ ಕುಂಟುತ್ತಾ ಓಡುತ್ತದೆ.

ಬೋಗಿಯ ಎರಡು ಪಾರ್ಶ್ವ ತಗಡುಗಳು 1.5 ಮಿ.ಮೀ. ಹಿತ್ತಾಳೆ. ಎರಡನ್ನೂ ಒಂದಕ್ಕೊಂದು ಬೆಸೆದು, ಒಟ್ಟಿಗೆ ತೂತು ಕೊರೆದು, ಆಮೇಲೆ ಬಿಸಿ ಮಾಡಿ ಬಿಡಿಸಿದೆ. ಪ್ರತಿ ಬೋಗಿಯಲ್ಲೂ ಒಂದು ಅಚ್ಚಿನ ತೂತನ್ನು ಮೇಲೆ-ಕೆಳಗೆ 0.4 ಮಿ.ಮೀ. ಉದ್ದ ಮಾಡಿದ್ದೇನೆ. ಇಲ್ಲದಿದ್ದರೆ ಹಳಿ ಸಮವಿಲ್ಲದಲ್ಲಿ ಒಂದು ಚಕ್ರ ಗಾಳಿಯಲ್ಲಿರುತ್ತದೆ.

ಇನ್ನು ಈ ಎಂಜಿನ್ನಿನ ಗುಟ್ಟಿಗೆ ಬರೋಣ. ಐವಿ-ಕೆ ಮಾಯರ್ ಪದ್ಧತಿಯದು. 1851ರಲ್ಲಿ ಆಸ್ಟ್ರಿಯಾದ ಸೆಮ್ಮರಿಂಗ್ ಘಾಟಿಗೆ ಎಂಜಿನ್ ಆರಿಸಲು ನಡೆದ ಸ್ಪರ್ಧೆಗೆ ಗ್ಯುಂಟರ್ ಕಾರ್ಖಾನೆ ತಂದ ‘ವೀನರ್ ನೋಯ್‌ಶ್ಟಾಟ್’ ಇದರ ಪೂರ್ವಜ. ಎರಡು ಚಕ್ರಗುಂಪಿನ ಇನ್ನೊಂದು ಬಗೆಯಾದ ಮ್ಯಾಲೆ ಪದ್ಧತಿಯಲ್ಲಿ ಮುಂದಿನ ಚಕ್ರಗುಂಪು ಮಾತ್ರ ತಿರುಗುತ್ತದೆ. ಮಾಯರ್‌ನಲ್ಲಿ ಎರಡೂ ತಿರುಗುತ್ತವೆ. ಸಿಲಿಂಡರುಗಳು ಎಂಜಿನ್ನಿನ ನಟ್ಟನಡುವೆ ಎದುರುಬದುರಾಗಿ ಕೂರುತ್ತವೆ. ಉಗಿ ಮೊದಲು ಹಿಂದಿನ ಬೋಗಿಯ ಚಿಕ್ಕ ಸಿಲಿಂಡರುಗಳಲ್ಲಿ ದುಡಿದು, ಅಲ್ಲಿಂದ ಮುಂದಿನ ಬೋಗಿಯ ದೊಡ್ಡ ಸಿಲಿಂಡರುಗಳಿಗೆ ಹೋಗುತ್ತದೆ. ಎರಡೂ ಜೋಡಿ ಹತ್ತಿರ ಇರುವುದರಿಂದ ನಡುವಿನ ಕೊಳವೆ ಗಿಡ್ಡ. ವಿನ್ಯಾಸಕನಿಗೆ ಲಾಭ ತಂದದ್ದೇ ಮಾದರಿ ಕಟ್ಟುವವನಿಗೆ ತಲೆನೋವು ತಂದಿತು.

ಬೋಗಿಗಳನ್ನು ಚಾಸಿಗೆ ಸಿಕ್ಕಿಸಿ 900 ಮಿ.ಮೀ. ತ್ರಿಜ್ಯದ ತಿರುವಿನಲ್ಲಿ ಕೈಯಿಂದ ತಳ್ಳಿದೆ. ಅರ್ಧ ತಿರುವಿನಲ್ಲಿ ಒಳಮಗ್ಗುಲಿನ ಎರಡು ಸಿಲಿಂಡರ್ ಮುಚ್ಚಳಗಳು ಒಂದಕ್ಕೊಂದು ಡಿಕ್ಕಿ ಹೊಡೆದವು, ಮುಂದಿನ ಬೋಗಿ ಹಳಿ ಬಿಟ್ಟಿತು. ಮೊದಲು ಪಿವಟ್ (ಬೋಗಿ ತಿರುಗುವ ಗೂಟ) ಬಿಗಿಯಾಗಿದೆ ಎಂದುಕೊಂಡು ಅದನ್ನು ಉಜ್ಜಿದೆ, ಆಮೇಲೆ ವಾಷರ್ ಬದಲಿಸಿದೆ, ಪ್ರಯೋಜನವಾಗಲಿಲ್ಲ. ಕಾಗದದ ಮೇಲೆ ಲೆಕ್ಕ ಹಾಕಿದಾಗ ತಿಳಿಯಿತು. ತಿರುವಿನಲ್ಲಿ ಒಳಮಗ್ಗುಲಿನ ಸಂದು ಎಷ್ಟು ಕಿರಿದಾಗುತ್ತದೆ ಎಂದರೆ: ಸಿಲಿಂಡರುಗಳ ಹೊರ ಅಂಚುಗಳ ನಡುವಿನ ಅಗಲ, ಗುಣಿಸು ಪಿವಟ್‌ಗಳ ಅಂತರದ ಅರ್ಧ, ಭಾಗಿಸು ತಿರುವಿನ ತ್ರಿಜ್ಯ. ನನ್ನ ಮಾದರಿಯಲ್ಲಿ ಅಗಲ 80, ಪಿವಟ್ ಅಂತರ ಸುಮಾರು 200. ಅಂದರೆ 80 × 100 ÷ 900 = 8.9 ಮಿ.ಮೀ. ನಾನು ಬಿಟ್ಟಿದ್ದ ಸಂದು 8. ತಾಗದೆ ಏನು ಮಾಡೀತು!

ಸಂದನ್ನು ಹೆಚ್ಚಿಸಿದರೆ ಎಂಜಿನ್ನಿನ ನೋಟವೇ ಕೆಡುತ್ತದೆ. ಹಾಗಾಗಿ ಹಳಿಯನ್ನೇ ಬದಲಿಸಿದೆ: 1,200 ಮಿ.ಮೀ. ತ್ರಿಜ್ಯ. ಅಲ್ಲಿ ಸಂದು 6.7 ಕಿರಿದಾಗುತ್ತದೆ, 1.3 ಉಳಿಯುತ್ತದೆ. ಮೊದಲು ಕತ್ತರಿಸಿದ ತಿರುವಿನ ಹಲಗೆಗಳೆಲ್ಲ ವ್ಯರ್ಥ. ನಿಜವಾದ ದಾರಿಯ 50 ಮೀಟರ್ ತ್ರಿಜ್ಯದ ತಿರುವನ್ನು ಈ ಅಳತೆಗೆ ಇಳಿಸಿದರೆ 2.2 ಮೀಟರ್ ಬರುತ್ತದೆ. ಕೋಣೆಯಲ್ಲಿ ಅಷ್ಟು ಜಾಗ ಇರುವವರು ಈ ಲೆಕ್ಕ ಹಾಕುವ ಅಗತ್ಯವೇ ಇಲ್ಲ.

4. ಜನವರಿ: ಮೋಟಾರು

12 ವೋಲ್ಟಿನ ಎನ್20 ಎಂಬ ಪುಟ್ಟ ಗೇರ್ ಮೋಟಾರು, ಬೋಗಿಗೊಂದು. ಮೊದಲು ತಂದದ್ದು ನಿಮಿಷಕ್ಕೆ 100 ಸುತ್ತಿನದು. 33.8 ಮಿ.ಮೀ. ಚಕ್ರಕ್ಕೆ ಅದು ಸೆಕೆಂಡಿಗೆ 177 ಮಿ.ಮೀ., ಅಂದರೆ ಅಸಲಿ ಲೆಕ್ಕದಲ್ಲಿ ಗಂಟೆಗೆ 14 ಕಿ.ಮೀ. ಐವಿ-ಕೆಯ ಗರಿಷ್ಠ ವೇಗ 30. ಆದ್ದರಿಂದ 200 ಸುತ್ತಿನದನ್ನು ತರಿಸಿದೆ, ವೇಗ 28.7ಕ್ಕೆ ಬಂತು. ಮೋಟಾರು ಬೋಗಿಯೊಳಗೆ ಉದ್ದಕ್ಕೆ ಮಲಗುತ್ತದೆ, ಅಲ್ಲಿಂದ ಒಂದು ಅಚ್ಚಿಗೆ ಬೆವೆಲ್ ಗೇರ್ (ಉದ್ದದ ತಿರುಗುವಿಕೆಯನ್ನು ಅಡ್ಡಕ್ಕೆ ಹೊರಳಿಸುವ ಗೇರ್), ಇನ್ನೊಂದು ಅಚ್ಚಿಗೆ ರಾಡ್.

ಒಂದೇ ಅಂಗಡಿಯ, ಒಂದೇ ಚೀಟಿಯ ಮೋಟಾರುಗಳೂ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಅಸಲಿ ಎಂಜಿನ್ನಿನಲ್ಲೂ ಬೋಗಿಗಳ ನಡುವೆ ಗೇರ್ ಸಂಬಂಧವಿಲ್ಲ; ಅಲ್ಲಿ ಹಿಂದಿನ ಬೋಗಿ ಜಾರಿದರೆ ನಡುವಿನ ಕೊಳವೆಯಲ್ಲಿ ಒತ್ತಡ ಏರಿ ತಾನೇ ಹತೋಟಿಗೆ ಬರುತ್ತದೆ. ಮೋಟಾರಿಗೆ ಆ ಜಾಣತನ ಇಲ್ಲ, ಒಂದು ಇನ್ನೊಂದನ್ನು ತಳ್ಳುತ್ತಲೇ ಇರುತ್ತದೆ. ನಾಲ್ಕು ಕೊಂಡು, ಪ್ರತಿಯೊಂದರ ವೇಗ ಅಳೆದು, ಹತ್ತಿರದ ಎರಡನ್ನು ಆರಿಸಿಕೊಂಡೆ.

5. ಜನವರಿ–ಫೆಬ್ರುವರಿ: ಸಿಲಿಂಡರು ಮತ್ತು ರಾಡುಗಳು

ಹಿಂದಿನ ಸಿಲಿಂಡರಿನ ಒಳವ್ಯಾಸ 240 ಮಿ.ಮೀ. ಮುಂದಿನದು ಮೊದಲ ತಂಡಗಳಲ್ಲಿ 370, ಮುಂದೆ 400. ಮಾದರಿಯಲ್ಲಿ ಕಾಣುವುದು ಹೊರಕವಚ ಮಾತ್ರ. ಆದರೂ ಮುಂದಿನದು ದೊಡ್ಡದು, ಹಿಂದಿನದು ಚಿಕ್ಕದು ಎಂಬುದು ಮೊದಲ ನೋಟಕ್ಕೇ ಗೊತ್ತಾಗಬೇಕು; ಎರಡನ್ನೂ ಒಂದೇ ಅಳತೆಗೆ ಮಾಡಿದ ಅಗ್ಗದ ಮಾದರಿಗಳು ಈ ಎಂಜಿನ್ನಿನ ಮುಖವನ್ನೇ ಅಳಿಸಿಬಿಡುತ್ತವೆ. ಕವಚಗಳು ರೆಸಿನ್, ಮುಚ್ಚಳಗಳು ಕಡೆದ ಹಿತ್ತಾಳೆ.

ಪಿಸ್ಟನ್ ಸರಳನ್ನು ರಾಡಿಗೆ ಜೋಡಿಸಿ ಜಾರುವ ತುಂಡಾದ ಕ್ರಾಸ್‌ಹೆಡ್ಡನ್ನೂ ರೆಸಿನ್‌ನಲ್ಲೇ ಮುದ್ರಿಸಿದ್ದು ಫಲಿಸಲಿಲ್ಲ. ಅರ್ಧ ಗಂಟೆ ಓಡಿಸುವಷ್ಟರಲ್ಲಿ ತೂತು ಮೊಟ್ಟೆಯಾಕಾರಕ್ಕೆ ಸವೆದಿತ್ತು. ಹಿತ್ತಾಳೆಯಲ್ಲಿ ಮತ್ತೆ ಮಾಡಿದೆ. ಸಿಲಿಂಡರಿಗೆ ಉಗಿ ಬಿಡುವುದನ್ನು ನಿಯಂತ್ರಿಸುವ ಹೊಯ್ಸಿಂಗರ್ ಪದ್ಧತಿಯ ವಾಲ್ವ್ ಗೇರಿನ ಕಡ್ಡಿಗಳನ್ನು 0.8 ಮಿ.ಮೀ. ನಿಕಲ್ ಸಿಲ್ವರ್ ತಗಡಿನಿಂದ ಕೈಗರಗಸದಲ್ಲಿ ಕತ್ತರಿಸಿ, 1.6 ಮಿ.ಮೀ. ತಿರುಪುಗಳಿಂದ ಜೋಡಿಸಿದ್ದೇನೆ. ರಾಡುಗಳು ಚಲಿಸುತ್ತವೆ, ವಾಲ್ವ್ ಒಳಗೆ ಏನೂ ಇಲ್ಲ.

6. ಫೆಬ್ರುವರಿ–ಮಾರ್ಚ್: ಟ್ಯಾಂಕು, ಕ್ಯಾಬು, ರಿವೆಟ್

ಅತಿ ಹೆಚ್ಚು ಸಮಯ ನುಂಗಿದ್ದು ಇದು. ಬಾಯ್ಲರಿನ ಮೇಲೆ ತಗಡಿನ ಹೊದಿಕೆ ಇರುವುದರಿಂದ ಅದು ರಿವೆಟಿನದೋ ಬೆಸುಗೆಯದೋ ಹೊರಗೆ ಕಾಣುವುದಿಲ್ಲ. ಕಾಣುವುದು ನೀರಿನ ಟ್ಯಾಂಕು, ಕ್ಯಾಬು, ಚಿಮಣಿಯ ಕೆಳಗಿನ ಹೊಗೆಪೆಟ್ಟಿಗೆ. ಒಂದು ಎಂಜಿನ್ನಿನ ಟ್ಯಾಂಕಿನಲ್ಲಿ ಸಾಲುಸಾಲು ರಿವೆಟ್, ಪಕ್ಕದ ಎಂಜಿನ್ನಿನದು ನುಣ್ಣಗೆ. ದುರಸ್ತಿಯ ಇತಿಹಾಸವೆಲ್ಲ ಅಲ್ಲೇ ಬರೆದಂತಿದೆ. ‘ಐವಿ-ಕೆಗೆ ಇಷ್ಟು ರಿವೆಟ್’ ಎಂಬ ಸಾಮಾನ್ಯ ನಿಯಮ ಯಾರಾದರೂ ಹೇಳಿದರೆ ನಂಬಬೇಡಿ. ನಿಮ್ಮ ನಂಬರಿನ ಎಂಜಿನ್, ನಿಮ್ಮ ವರ್ಷದ ಫೋಟೋ, ಎಡ ಮತ್ತು ಬಲ ಎರಡೂ ಬೇಕು. ನಾನು ಫೋಟೋಗಳನ್ನು ವರ್ಷವಾರು ಗೋಡೆಗೆ ಅಂಟಿಸಿಕೊಂಡಿದ್ದೆ.

ಹೊರ ಹೊದಿಕೆ 0.3 ಮಿ.ಮೀ. ಹಿತ್ತಾಳೆ, ಒಳಗೆ 0.5ರ ಬೆಂಬಲ. ರಿವೆಟ್ ಎಂದರೆ ತಗಡಿನ ಹಿಂಬದಿಯಿಂದ ಸೂಜಿಯಿಂದ ಹೊಡೆದ ಉಬ್ಬು, 0.8 ಮಿ.ಮೀ. ವ್ಯಾಸ. ಉಕ್ಕಿನ ಸ್ಕೇಲು ಇಟ್ಟು ಕೈಯಂದಾಜಿನಲ್ಲಿ ಹೊಡೆದ ಮೊದಲ ಸಾಲು ಬರಿಗಣ್ಣಿಗೆ ನೇರವಾಗಿಯೇ ಕಂಡಿತು. ಪ್ರೈಮರ್ ಬಿದ್ದ ಮೇಲೆ ನೋಡಿದರೆ ಸಾಲು ಹಾವಿನ ಜಾಡು. 0.2 ಮಿ.ಮೀ. ತಪ್ಪಿದ್ದರೂ ಕಪ್ಪು ಬಣ್ಣ ಅದನ್ನು ಸಾರಿ ಹೇಳುತ್ತದೆ.

ಆಗ ಒಂದು ಸರಳ ಯಂತ್ರ ಮಾಡಿಕೊಂಡೆ. 6 ಮಿ.ಮೀ. ತಿರುಪುಸರಳಿನ ಪಿಚ್ ಸರಿಯಾಗಿ 1 ಮಿ.ಮೀ. ತಗಡನ್ನು ಹಿಡಿದ ಹಲಗೆಯನ್ನು ಆ ಸರಳಿನ ನಟ್ಟಿಗೆ ಕಟ್ಟಿದೆ, ಸರಳಿನ ತುದಿಗೆ ಹಿಡಿಕೆ. ಎರಡು ಸುತ್ತು ತಿರುಗಿಸಿದರೆ ತಗಡು 2 ಮಿ.ಮೀ. ಮುಂದೆ ಹೋಗುತ್ತದೆ. ಸೂಜಿಯನ್ನು ಹಿತ್ತಾಳೆ ಬುಷ್‌ನೊಳಗೆ ನೇರ ಇಟ್ಟು, ಮೇಲಿಂದ ಒಂದೇ ಎತ್ತರದಿಂದ 100 ಗ್ರಾಂ ತೂಕ ಬಿಡುವುದು. ಎತ್ತರ ಒಂದೇ ಆದ್ದರಿಂದ ಉಬ್ಬುಗಳೂ ಒಂದೇ ಸಮ. ಬೇಸರದ ಕೆಲಸ. ರೇಡಿಯೋ ಹಾಕಿಕೊಂಡು ಸಂಜೆಗೊಂದು ಪಾರ್ಶ್ವ ಮುಗಿಸಿದೆ.

ಉಬ್ಬು ಹೊಡೆದ ತಗಡು ಸೊಟ್ಟಗಾಗುತ್ತದೆ. ಅದನ್ನು ಬೆಂಬಲದ ತಗಡಿಗೆ ಸಾಮಾನ್ಯ ಬೆಸುಗೆಯಿಂದ ಕೂರಿಸಲು ಹೋದಾಗ ಬಿಸಿಗೆ ಸುಟ್ಟ ಹಪ್ಪಳದಂತೆ ಏಳು ಕಡೆ ಎದ್ದಿತು. ಆ ಟ್ಯಾಂಕು ಕಸದ ಡಬ್ಬಿಗೆ ಹೋಯಿತು. ಎರಡನೆಯದಕ್ಕೆ ತವರ-ಬಿಸ್ಮತ್ ಪೇಸ್ಟ್ ಬಳಸಿದೆ. 138 ಡಿಗ್ರಿಗೆ ಕರಗುತ್ತದೆ. ಎರಡೂ ತಗಡುಗಳನ್ನು ಮರದ ಹಲಗೆಗಳ ನಡುವೆ ಕ್ಲಾಂಪ್ ಮಾಡಿ, ಅಂಚಿನಿಂದ ಅಂಚಿಗೆ ಹೀಟ್ ಗನ್‌ನಿಂದ ನಿಧಾನ ಕಾಯಿಸಿ, ಕ್ಲಾಂಪ್ ಬಿಚ್ಚದೆ ತಣಿಯಲು ಬಿಟ್ಟೆ. ಸಪಾಟಾಗಿ ಬಂತು. ಒಂದು ಎಚ್ಚರಿಕೆ: ಈ ಬೆಸುಗೆ ಇರುವ ಜಾಗದ ಹತ್ತಿರ ಮತ್ತೆ ಸಾಮಾನ್ಯ ಬೆಸುಗೆ ಹಾಕಿದರೆ ಹಿಂದಿನದು ಬಿಟ್ಟುಕೊಳ್ಳುತ್ತದೆ. ಹಿಡಿಕೆ, ಮೆಟ್ಟಿಲು, ಕೊಕ್ಕೆಗಳನ್ನೆಲ್ಲ ಮೊದಲೇ ಹಾಕಿರಬೇಕು.

ಬ್ಯಾಟರಿ ಎಡ ಟ್ಯಾಂಕಿನಲ್ಲಿ, ರೇಡಿಯೋ ನಿಯಂತ್ರಣದ ರಿಸೀವರ್ ಕ್ಯಾಬಿನ ಮೇಲ್ಛಾವಣಿಯ ಕೆಳಗೆ. ಬಲ ಟ್ಯಾಂಕಿನಲ್ಲಿ ಸೀಸದ ತುಂಡುಗಳು, ತೂಕ ಸರಿತೂಗಿಸಲು.

7. ಏಪ್ರಿಲ್: ಕೊಳವೆಗಳು, ಬ್ರೇಕು

ಬೋಗಿಗಳ ನಡುವಿನ ಉಗಿ ಕೊಳವೆಯನ್ನು ಮೊದಲು ಹಿತ್ತಾಳೆ ಸರಳಿನಲ್ಲಿ ಮಾಡಿ ಎರಡೂ ಬೋಗಿಗೆ ಬೆಸೆದಿದ್ದೆ. ಮೊದಲ ತಿರುವಿನಲ್ಲೇ ಬಾಗಿತು. ಅಸಲಿಯಲ್ಲೂ ಆ ಕೊಳವೆ ಎರಡು ಬೋಗಿಗಳ ಅಲುಗಾಟವನ್ನು ತಡೆದುಕೊಳ್ಳುವಂತಿರಬೇಕು, ಉಗಿಯೂ ಸೋರಬಾರದು. ಎರಡು ಬೋಗಿಯ ಉಗಿ ಎಂಜಿನ್‌ಗಳ ನಿರ್ವಹಣೆಯಲ್ಲಿ ಸದಾ ಕಾಡುವ ಜಾಗ ಅದು. ನನಗೆ ಉಗಿಯ ಕಾಟವಿಲ್ಲ, ಕಪ್ಪು ಸಿಲಿಕಾನ್ ಕೊಳವೆ ಹಾಕಿ ಮುಗಿಸಿದೆ.

ಹಳೆಯ ಫೋಟೋಗಳಲ್ಲಿ ಗಾಡಿಗಳ ಛಾವಣಿಯ ಮೇಲೆ ಹಗ್ಗವೊಂದು ಹಾದುಹೋಗಿರುತ್ತದೆ. ಅದು ಹೇಬರ್ಲೈನ್ ಬ್ರೇಕು. ಎಂಜಿನ್ನಿನಿಂದ ಕೊನೆಯ ಗಾಡಿಯವರೆಗೆ ರಾಟೆಗಳ ಮೇಲೆ ಹಗ್ಗ ಬಿಗಿದಿರುತ್ತದೆ. ಸಡಿಲಿಸಿದರೆ ಅಥವಾ ಗಾಡಿ ಕಳಚಿ ಹಗ್ಗ ಹರಿದರೆ ಬ್ರೇಕು ತಾನಾಗಿಯೇ ಬೀಳುತ್ತದೆ. ಮುಂದೆ ಸ್ಯಾಕ್ಸನಿಯಲ್ಲಿ ಕೋರ್ಟಿಂಗ್ ಕಂಪನಿಯ ನಿರ್ವಾತ ಬ್ರೇಕು ಬಂತು. ನನ್ನ ಮಾದರಿ ಇವತ್ತಿನದಾದ್ದರಿಂದ ಮುಂದೆ-ಹಿಂದೆ ನಿರ್ವಾತ ಬ್ರೇಕಿನ ಮೆದುಕೊಳವೆ ಇದೆ. ಹಗ್ಗದ ರಾಟೆಗಳನ್ನು ಮಾಡುವ ಮೋಹ ಬಲವಾಗಿತ್ತು. ವರ್ಷ ಬೆರಕೆಯಾಗುತ್ತದೆಂದು ಬಿಟ್ಟೆ.

8. ಏಪ್ರಿಲ್–ಮೇ: ಬಣ್ಣ, ನಂಬರ್ ಫಲಕ

ಮೇಲೆ ಕಪ್ಪು, ಚಾಸಿ ಮತ್ತು ಚಕ್ರ ಕೆಂಪು. ಹೊಳಪು ಕಪ್ಪು ಬಳಿದು ಮೇಲೆ ಮಂಕು ವಾರ್ನಿಷ್ ಕೊಟ್ಟಿದ್ದೇನೆ. ರಾಡುಗಳನ್ನು ಬಿಚ್ಚಿ ಬಣ್ಣ ಹಾಕಬೇಕು. ಮುಚ್ಚಿಟ್ಟು ಹಾಕಿದರೆ ಟೇಪು ತೆಗೆಯುವಾಗ ಅಂಚು ಕಿತ್ತು ಬರುತ್ತದೆ.

ಎಚ್ಚಿಂಗ್ ಮಾಡಿದ ನಂಬರ್ ಫಲಕಗಳನ್ನು ಅಂಚೆಯಲ್ಲಿ ತರಿಸಿದೆ. ಬಂದದ್ದು 99 1568-1. ಕೊನೆಯ ಅಂಕಿ ಅಲಂಕಾರಕ್ಕಲ್ಲ. ಪೂರ್ವ ಜರ್ಮನಿಯ ರೈಲ್ವೆ 1970ರಲ್ಲಿ ಕಂಪ್ಯೂಟರ್ ಲೆಕ್ಕಕ್ಕಾಗಿ ನಂಬರುಗಳನ್ನು ಬದಲಿಸಿ, 99 568 ಎಂದಿದ್ದುದಕ್ಕೆ ಒಂದು ಅಂಕಿ ಸೇರಿಸಿ, ಕೊನೆಗೆ ತಾಳೆಯ ಅಂಕಿ ಇಟ್ಟಿತು. ಲೆಕ್ಕ ಹೀಗೆ: 9, 9, 1, 5, 6, 8 ಇವನ್ನು ಕ್ರಮವಾಗಿ 1, 2, 1, 2, 1, 2ರಿಂದ ಗುಣಿಸಬೇಕು. ಬರುವುದು 9, 18, 1, 10, 6, 16. ಈಗ ಬಿಡಿ ಅಂಕಿಗಳನ್ನು ಕೂಡಿಸಬೇಕು: 9+1+8+1+1+0+6+1+6 = 33. ಮುಂದಿನ ದಶಕ 40ಕ್ಕೆ ಬೇಕಾದದ್ದು 7. ಆದ್ದರಿಂದ 99 1568-7. ಅದೇ ಶೆಡ್ಡಿನ ಜೊತೆಗಾರರಾದ 99 1542-2, 99 1590-1 ಎರಡಕ್ಕೂ ಇದೇ ಲೆಕ್ಕ ಸರಿಹೋಗುತ್ತದೆ, ಮಾಡಿ ನೋಡಿ. ಅಂಗಡಿಗೆ ಈ ಲೆಕ್ಕವನ್ನೇ ಬರೆದು ಕಳಿಸಿದೆ. ಅವರು ತಪ್ಪು ತಮ್ಮದಲ್ಲವೆಂದರು, ಫಲಕಗಳನ್ನು ಮಾತ್ರ ಬೇರೆ ಕಳಿಸಿದರು.

9. ಮೇ: ಓಡಿಸಿ ನೋಡಿದ್ದು

ನೇರ ಹಳಿಯಲ್ಲಿ ತಕರಾರಿಲ್ಲ. 1,200ರ ತಿರುವಿನಲ್ಲಿ ಮುಚ್ಚಳಗಳ ನಡುವೆ ಪೋಸ್ಟ್ ಕಾರ್ಡ್ ತೂರಿಸುವಷ್ಟು ಸಂದು ಉಳಿಯುತ್ತದೆ. ಕಾರ್ಡ್ ಹಿಡಿದೇ ಪರೀಕ್ಷಿಸಿದೆ. 30ರಲ್ಲಿ 1ರ ಏರಿನಲ್ಲಿ ನಾಲ್ಕು ಗಾಡಿ ಎಳೆಯುತ್ತದೆ, ಐದನೆಯದಕ್ಕೆ ಮುಂದಿನ ಬೋಗಿ ಜಾರುತ್ತದೆ. ಏರಿನಲ್ಲಿ ಭಾರ ಹಿಂದಕ್ಕೆ ಹೋಗುವುದರಿಂದ ಹೊಗೆಪೆಟ್ಟಿಗೆಯೊಳಗೆ 120 ಗ್ರಾಂ ಸೀಸ ಸೇರಿಸಿದ ಮೇಲೆ ಐದನ್ನೂ ಎಳೆಯಿತು. ಕೊಕ್ಕೆಯನ್ನು ಮೊದಲು ಚಾಸಿಗೆ ಹಾಕಿದ್ದೆ, ತಿರುವಿನಲ್ಲಿ ಗಾಡಿಯನ್ನು ಪಕ್ಕಕ್ಕೆ ಎಳೆದು ಬೀಳಿಸುತ್ತಿತ್ತು. ಬೋಗಿಯ ತುದಿಗೆ ವರ್ಗಾಯಿಸಿದ ಮೇಲೆ ನಿಂತಿತು.

ಓಡಿಸುವುದನ್ನು ನೋಡಿದ ಗೆಳೆಯರೊಬ್ಬರು, ಇಷ್ಟೆಲ್ಲ ಹೊಸ ಭಾಗ ಹಾಕಿ ಹಳೆಯ ಎಂಜಿನ್ ಎನ್ನುವುದಾದರೆ ಪೂರ್ತಿ ಹೊಸದನ್ನೇ ಕಟ್ಟಬಹುದಲ್ಲ ಎಂದರು. ಕಟ್ಟಿದ್ದಾರೆ. ಸ್ಯಾಕ್ಸನಿಯ ಮೊದಲ ನ್ಯಾರೋಗೇಜ್ ದಾರಿಯಲ್ಲಿ 1881ರಿಂದ ಓಡಿದ ಐ-ಕೆ ವರ್ಗದ ಒಂದೂ ಎಂಜಿನ್ ಉಳಿದಿರಲಿಲ್ಲ. ಹಾಗಾಗಿ ಅದರ 54ನೇ ನಂಬರಿನ ಎಂಜಿನ್ನನ್ನು ಮೈನಿಂಗನ್‌ನ ಉಗಿ ಎಂಜಿನ್ ಕಾರ್ಯಾಗಾರದಲ್ಲಿ ಹೊಸದಾಗಿಯೇ ಜೋಡಿಸಿ 2009ರಲ್ಲಿ ಹಳಿಗೆ ಇಳಿಸಿದರು. ಅದೇ ವರ್ಷ ಅದೇ ಕಾರ್ಯಾಗಾರ ಬಾಲ್ಟಿಕ್ ತೀರದ ಮೋಲಿ ರೈಲಿಗೂ 99 2324-4 ಎಂಬ ಹೊಸ ಎಂಜಿನ್ ಕಟ್ಟಿಕೊಟ್ಟಿತು, 1932ರ ವಿನ್ಯಾಸದಂತೆಯೇ. ಗೆಳೆಯರು ನಂಬಲಿಲ್ಲ, ಫೋಟೋ ತೋರಿಸಬೇಕಾಯಿತು.

ಖರ್ಚು, ಯೂರೋಗಳಲ್ಲಿ

ಹಿತ್ತಾಳೆ ಮತ್ತು ನಿಕಲ್ ಸಿಲ್ವರ್ ತಗಡು, ಕೊಳವೆ: 74
ರೆಸಿನ್ ಮುದ್ರಣ: 58
ಉಕ್ಕು, ಅಚ್ಚು: 22
ಮೋಟಾರುಗಳು (ಬಳಸದವೂ ಸೇರಿ): 36
ಬೆವೆಲ್ ಗೇರುಗಳು: 31
ರೇಡಿಯೋ ನಿಯಂತ್ರಣ: 64
ಬ್ಯಾಟರಿ: 19
ಫಲಕಗಳು: 28
ಬಣ್ಣ, ವಾರ್ನಿಷ್: 41
ಕಾರ್ಯಾಗಾರದ ಚಂದಾ: 90
ತಿರುಪು, ಅಂಟು, ಚಿಲ್ಲರೆ: 27
ಒಟ್ಟು: 490

ಹಳಿ ಮತ್ತು ವ್ಯರ್ಥವಾದ ತಿರುವಿನ ಹಲಗೆಗಳು ಇದರಲ್ಲಿ ಸೇರಿಲ್ಲ.

ಬಾಕಿ ಇರುವುದು: ಕ್ಯಾಬಿನೊಳಗಿನ ಒತ್ತಡಮಾಪಕಗಳು, ಮುಂದಿನ ದೀಪಗಳಿಗೆ ತಂತಿ, ಬಲ ಮಗ್ಗುಲಿನ ವಾಲ್ವ್ ಗೇರಿನಲ್ಲಿ ಪದೇ ಪದೇ ಸಡಿಲಾಗುವ ಒಂದು ತಿರುಪು. ಅದಕ್ಕೆ ಅಂಟು ಹಾಕಿದರೆ ಮುಂದೆ ಬಿಚ್ಚಲಾಗದು, ಹಾಕದಿದ್ದರೆ ನಿಲ್ಲದು. ಸದ್ಯ ಉಗುರುಬಣ್ಣದ ಒಂದು ತೊಟ್ಟು ಬಿಟ್ಟು ನೋಡುತ್ತಿದ್ದೇನೆ.